ವಾರ್ಡಿನಲ್ಲಿ ಕಂಡ ತಪ್ಪನ್ನು ಯಾರಿಗೆ, ಹೇಗೆ ಹೇಳಬೇಕು: ಮಂಗಳೂರು, ಉಡುಪಿಯ ಆಸ್ಪತ್ರೆ ಸಿಬ್ಬಂದಿಗೆ

ಫೆಂಟನಿಲ್ ಎಂಬ ಬಲವಾದ ನೋವುನಿವಾರಕ ಮಾದಕ ಔಷಧಿಯ ಆಂಪೂಲ್ ಒಂದರಲ್ಲಿ 2 ಎಂಎಲ್ ಇರುತ್ತದೆ, ಅಂದರೆ 100 ಮೈಕ್ರೋಗ್ರಾಂ. ರಾತ್ರಿ ಪಾಳಿಯ ಡ್ರಗ್ ಚಾರ್ಟಿನಲ್ಲಿ ರೋಗಿಗೆ 50 ಮೈಕ್ರೋಗ್ರಾಂ ಕೊಟ್ಟದ್ದಾಗಿ ಬರೆದಿದೆ. ರಿಜಿಸ್ಟರಿನಲ್ಲಿ ಒಂದು ಆಂಪೂಲ್ ಖರ್ಚಾಗಿದೆ. ಉಳಿದ 1 ಎಂಎಲ್ ಚೆಲ್ಲಿದ್ದಕ್ಕೆ ಇಬ್ಬರ ಸಹಿ ಇರಬೇಕಾದಲ್ಲಿ ಒಬ್ಬರದೇ ಇದೆ. ಬೆಳಿಗ್ಗೆ ಹ್ಯಾಂಡೋವರ್ ತೆಗೆದುಕೊಳ್ಳುವ ಸಿಸ್ಟರ್ ಹಿಂದಿನ ಪುಟಗಳನ್ನು ತಿರುವಿದರೆ ಮೂರು ವಾರಗಳಲ್ಲಿ ಇದು ನಾಲ್ಕನೇ ಸಲ, ನಾಲ್ಕೂ ಕಡೆ ಅದೇ ಸಹಿ.

ಇಲ್ಲಿ ಹೆಚ್ಚಿನವರು ಎರಡರಲ್ಲಿ ಒಂದು ಮಾಡುತ್ತಾರೆ. ಪುಟ ಮುಚ್ಚಿ ಸುಮ್ಮನಾಗುತ್ತಾರೆ, ಇಲ್ಲವೇ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಇಬ್ಬರು ಗೆಳತಿಯರಿಗೆ ಹೇಳುತ್ತಾರೆ. ಸುಮ್ಮನಿದ್ದರೆ ರೋಗಿ ನೋವು ತಿನ್ನುತ್ತಾನೆ. ಕ್ಯಾಂಟೀನಿನಲ್ಲಿ ಹೇಳಿದರೆ ಸಂಜೆಯೊಳಗೆ ಮಾತು ಆ ಸಹಿಯವರ ಕಿವಿಗೆ ಮುಟ್ಟುತ್ತದೆ, ಮರುದಿನ ರಿಜಿಸ್ಟರಿನ ಖಾಲಿ ಜಾಗಗಳೆಲ್ಲ ತುಂಬಿರುತ್ತವೆ. ಆಮೇಲೆ ನಿಮ್ಮ ಮಾತಿಗೆ ಆಧಾರವೇ ಉಳಿಯುವುದಿಲ್ಲ.

ಈ ಬರಹ ಆ ಎರಡರ ನಡುವಿನ ದಾರಿಯ ಬಗ್ಗೆ. ನರ್ಸ್, ಟೆಕ್ನೀಷಿಯನ್, ಫಾರ್ಮಸಿಸ್ಟ್, ಬಿಲ್ಲಿಂಗ್ ಕೌಂಟರಿನವರು, ಆಯಾ, ಡ್ಯೂಟಿ ಡಾಕ್ಟರ್ ಎಲ್ಲರಿಗೂ ದಾರಿ ಬಹುಮಟ್ಟಿಗೆ ಒಂದೇ. ಖಾಸಗಿ ಆಸ್ಪತ್ರೆಯ ನೌಕರನೊಬ್ಬ ತಪ್ಪನ್ನು ಹೊರಗೆಡವಿದರೆ ಅವನ ಕೆಲಸ ಉಳಿಸುವ ಪ್ರತ್ಯೇಕ ಕಾನೂನು ನಮ್ಮಲ್ಲಿ ಜಾರಿಯಲ್ಲಿಲ್ಲ. ಹಾಗಾಗಿ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಎಂಬ ಕ್ರಮವೇ ಇಲ್ಲಿ ನಿಮ್ಮನ್ನು ಕಾಯುವುದು.

ಮೊದಲು, ಇದು ಯಾವ ಬಗೆಯದು ಎಂದು ನೋಡಿ

ಆಸ್ಪತ್ರೆಯಲ್ಲಿ ಕಾಣುವ ತಪ್ಪುಗಳನ್ನು ಮೂರಾಗಿ ಬೇರ್ಪಡಿಸಿ ನೋಡಬೇಕು. ಮೂರಕ್ಕೂ ಬೇರೆ ಬೇರೆ ಬಾಗಿಲು.

ಒಂದು, ಕೈತಪ್ಪು. ವಾರ್ಡಿನ ಟ್ರಾಲಿಯಲ್ಲಿ ಪೊಟ್ಯಾಸಿಯಂ ಕ್ಲೋರೈಡಿನ 10 ಎಂಎಲ್ ಆಂಪೂಲ್ ಡಿಸ್ಟಿಲ್ಡ್ ವಾಟರ್ ಪಕ್ಕದಲ್ಲೇ ಕೂತಿದೆ. ಎರಡೂ ಪಾರದರ್ಶಕ. ಒಬ್ಬ ಸಿಸ್ಟರ್ ತಪ್ಪಾಗಿ ಕೈಗೆತ್ತಿಕೊಂಡು, ಕೊನೆಯ ಕ್ಷಣದಲ್ಲಿ ಲೇಬಲ್ ಓದಿ ಬಿಟ್ಟರು. 15 ಶೇಕಡಾದ ಆ ಒಂದು ಆಂಪೂಲಿನಲ್ಲಿ 20 ಮಿಲಿ ಈಕ್ವಿವಲೆಂಟ್ ಪೊಟ್ಯಾಸಿಯಂ ಇದೆ. ತೆಳುಗೊಳಿಸದೆ ನೇರ ರಕ್ತನಾಳಕ್ಕೆ ಹೋದರೆ ಹೃದಯ ನಿಂತುಹೋಗುತ್ತದೆ. ಇಂಥದ್ದಕ್ಕೆ ಬೇಕಾದದ್ದು ಇನ್ಸಿಡೆಂಟ್ ರಿಪೋರ್ಟ್. ಅದರಲ್ಲಿ ವ್ಯಕ್ತಿಯ ಹೆಸರಿಗಿಂತ ಆ ಟ್ರಾಲಿಯ ಜೋಡಣೆ ಮುಖ್ಯ. ಇದನ್ನು ದೂರಾಗಿ ಬರೆದು ಸಿಸ್ಟರಿಗೆ ಮೆಮೊ ಕೊಡಿಸಿದರೆ ಮುಂದಿನ ಸಲ ಇಂಥದ್ದು ಆದಾಗ ಯಾರೂ ಬಾಯಿ ಬಿಡುವುದಿಲ್ಲ, ಆಂಪೂಲ್ ಮಾತ್ರ ಅಲ್ಲೇ ಇರುತ್ತದೆ.

ಎರಡು, ಅಡ್ಡದಾರಿ. ಶಸ್ತ್ರಚಿಕಿತ್ಸೆಯ ಸುರಕ್ಷತಾ ಚೆಕ್‌ಲಿಸ್ಟಿಗೆ ಮೂರು ಹಂತ: ಅರಿವಳಿಕೆಗೆ ಮೊದಲು, ಚರ್ಮ ಸೀಳುವ ಮೊದಲು, ರೋಗಿ ಓಟಿ ಬಿಡುವ ಮೊದಲು. ಕೇಸ್‌ಗಳು ಒಂದರ ಹಿಂದೆ ಒಂದು ಬರುವ ದಿನ ಮೂರಕ್ಕೂ ಕೊನೆಯಲ್ಲಿ ಒಟ್ಟಿಗೆ ಟಿಕ್ ಹಾಕುವುದು ಅಭ್ಯಾಸವಾಗಿಬಿಡುತ್ತದೆ. ಇಲ್ಲಿ ಕೆಟ್ಟ ಉದ್ದೇಶ ಯಾರಿಗೂ ಇಲ್ಲ, ಆದರೆ ಎಲ್ಲರೂ ಸುಳ್ಳು ದಾಖಲೆಗೆ ಸಹಿ ಮಾಡುತ್ತಿದ್ದಾರೆ. ಇದು ಕ್ವಾಲಿಟಿ ವಿಭಾಗಕ್ಕೂ ಓಟಿ ಇನ್‌ಚಾರ್ಜ್‌ಗೂ ಹೋಗಬೇಕಾದ ವಿಷಯ, ಅದೂ ಇಡೀ ಘಟಕದ ವಿಷಯವಾಗಿ. ಒಬ್ಬರ ಮೇಲೆ ಹೊರಿಸಬಾರದು.

ಮೂರು, ಮೋಸ. ಒಮ್ಮೆ ಬಳಸಿದ ಕ್ಯಾಥೆಟರನ್ನು ಹೊಸದೆಂದು ಬಿಲ್ ಮಾಡುವುದು, ಮಾಡದ ಟೆಸ್ಟಿನ ರಿಪೋರ್ಟ್, ಲ್ಯಾಬ್ ಮತ್ತು ಸ್ಕ್ಯಾನಿಂಗ್ ಕಮಿಷನ್, ಲಂಚ, ಹೊಟ್ಟೆಯಲ್ಲಿರುವ ಮಗು ಗಂಡೋ ಹೆಣ್ಣೋ ಎಂದು ಹೇಳುವುದು, ಮಾದಕ ಔಷಧಿ ಕದಿಯುವುದು. ಇದು ಮಾತ್ರ ದೂರಿನ ದಾರಿ ಹಿಡಿಯಬೇಕು.

ಆ ನಾಲ್ಕು ಸಹಿಗಳು ಯಾವ ಬಗೆ? ನಿಮಗೆ ಗೊತ್ತಿಲ್ಲ, ಗೊತ್ತಿಲ್ಲ ಎಂದೇ ಬರೆಯಬೇಕು. ರಾತ್ರಿ ಒಬ್ಬರೇ ಇದ್ದರೆ ಎರಡನೇ ಸಹಿಗೆ ಜನವೇ ಇರಲಿಲ್ಲವೆಂದಾಗಬಹುದು. ಅದು ಸಿಬ್ಬಂದಿ ಕೊರತೆ. ಉಳಿದದ್ದನ್ನು ಅದೇ ರೋಗಿಗೆ ಕೊಟ್ಟು ಚಾರ್ಟಿನಲ್ಲಿ ಬರೆಯಲು ಮರೆತಿರಬಹುದು, ಅದು ಕೈತಪ್ಪು. ಕಳವೂ ಆಗಿರಬಹುದು. ಯಾವುದೆಂದು ತೀರ್ಮಾನಿಸುವುದು ವಿಚಾರಣೆಯವರ ಕೆಲಸ. ಕಂಡದ್ದನ್ನು ಕಂಡ ಹಾಗೆ ದಾಟಿಸಿದರೆ ನಿಮ್ಮ ಕೆಲಸ ಮುಗಿಯಿತು. ಈ ಗೆರೆ ದಾಟಿದ ದೂರುಗಳೇ ಹೆಚ್ಚಾಗಿ ಬಿದ್ದುಹೋಗುವುದು.

ಅದೇ ಪಾಳಿಯಲ್ಲಿ ಬರೆದಿಡಿ

ಮನೆಗೆ ಹೋಗಿ ರಾತ್ರಿ ಬರೆಯುತ್ತೇನೆ ಎಂದುಕೊಳ್ಳಬೇಡಿ. ಹತ್ತು ಗಂಟೆ ಕಳೆದ ಮೇಲೆ ಹೊತ್ತು, ಬೆಡ್ ನಂಬರ್, ಯಾರು ಮೊದಲು ಬಂದರು ಎಂಬುದೆಲ್ಲ ಕಲಸಿಹೋಗುತ್ತದೆ. ಕಲಸಿದ ಒಂದು ವಿವರ ಸಾಕು, ಉಳಿದ ಒಂಬತ್ತನ್ನೂ ನಂಬದಿರಲು.

ಹೊಲಿದ ಪುಟಗಳ ಒಂದು ನೋಟ್‌ಬುಕ್ ತೆಗೆದುಕೊಳ್ಳಿ, ಸ್ಪೈರಲ್ ಬೇಡ. ಪುಟಗಳಿಗೆ ಮೊದಲೇ ನಂಬರ್ ಹಾಕಿ. ಪ್ರತಿ ನಮೂದಿನಲ್ಲೂ ದಿನಾಂಕ, 24 ಗಂಟೆಯ ಲೆಕ್ಕದಲ್ಲಿ ಸಮಯ, ವಾರ್ಡ್, ರಿಜಿಸ್ಟರಿನ ಹೆಸರು ಮತ್ತು ಪುಟಸಂಖ್ಯೆ, ನೀವು ಸ್ವತಃ ಕಂಡದ್ದು, ಕಿವಿಯಾರೆ ಕೇಳಿದ್ದು, ಜೊತೆಗೆ ಯಾರಿದ್ದರು ಎಂಬುದಿರಲಿ. ಬೇರೆಯವರಿಂದ ಕೇಳಿ ತಿಳಿದದ್ದನ್ನು ಬೇರೆ ಸಾಲಿನಲ್ಲಿ, ಯಾರು ಹೇಳಿದರೆಂಬುದರ ಜೊತೆ ಬರೆಯಿರಿ. ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಇನಿಷಿಯಲ್ ಹಾಕಿ. ರೋಗಿಯ ಹೆಸರು ಈ ಪುಸ್ತಕಕ್ಕೆ ಬರಬಾರದು. ರಿಜಿಸ್ಟರಿನ ಪುಟಸಂಖ್ಯೆ ಇದ್ದರೆ ಹೆಸರನ್ನು ಸಂಬಂಧಪಟ್ಟವರು ಹುಡುಕಿಕೊಳ್ಳುತ್ತಾರೆ.

"ಸಿಸ್ಟರ್ ಔಷಧಿ ಕದಿಯುತ್ತಿದ್ದಾರೆ" ಎಂಬುದು ನಮೂದಲ್ಲ, ಆರೋಪ. "ಪುಟ 43, ಎರಡನೇ ಸಾಲು: ಖರ್ಚು ಒಂದು ಆಂಪೂಲ್, ಚಾರ್ಟಿನಲ್ಲಿ 50 ಮೈಕ್ರೋಗ್ರಾಂ, ಚೆಲ್ಲಿದ ಕಾಲಮ್ಮಿನಲ್ಲಿ ಒಂದೇ ಸಹಿ, 07.50ಕ್ಕೆ ನೋಡಿದೆ" ಎಂಬುದು ನಮೂದು.

ನಮ್ಮ ಕರಾವಳಿಯ ವಾರ್ಡುಗಳಲ್ಲಿ ಭಾಷೆಯ ತೊಡಕೊಂದಿದೆ. ರೋಗಿ ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ ಹೇಳುತ್ತಾರೆ, ಕಾಸರಗೋಡಿನಿಂದ ಬಂದವರಾದರೆ ಮಲಯಾಳದಲ್ಲಿ. ಕೇಸ್‌ಶೀಟಿನಲ್ಲಿ ಅದು ಇಂಗ್ಲಿಷಾಗುತ್ತದೆ. ಆಪರೇಷನ್ನಿಗೆ ಒಪ್ಪಿಗೆ ಕೊಟ್ಟಿದ್ದೀರಾ ಎಂದು ಕೇಳಿದಾಗ ಅಜ್ಜಿ ತುಳುವಿನಲ್ಲಿ "ಎಂಕ್ ಗೊತ್ತುಜ್ಜಿ" (ನನಗೆ ಗೊತ್ತಿಲ್ಲ) ಎಂದಿದ್ದರೆ, ನಿಮ್ಮ ನೋಟ್‌ಬುಕ್ಕಿನಲ್ಲಿ ಆ ಎರಡು ಪದಗಳೇ ಹಾಗೇ ಇರಲಿ. "ಒಪ್ಪಿಗೆ ಸರಿಯಾಗಿ ಪಡೆದಿರಲಿಲ್ಲ" ಎಂಬುದು ನಿಮ್ಮ ವ್ಯಾಖ್ಯಾನ. "ಎಂಕ್ ಗೊತ್ತುಜ್ಜಿ" ಸಾಕ್ಷ್ಯ.

ಕೇಸ್‌ಶೀಟಿಗೆ ಮಾತ್ರ ನಿಮ್ಮ ದೂರಿಗಾಗಿ ಒಂದಕ್ಷರ ಸೇರಿಸಬೇಡಿ. ನಿಜವಾಗಿ ಬರೆಯಲು ಬಿಟ್ಟುಹೋದದ್ದಿದ್ದರೆ "ತಡವಾದ ನಮೂದು" ಎಂದು ಬರೆದು ಈಗಿನ ಸಮಯ ಹಾಕಿ. ಹಿಂದಿನ ಸಮಯ ಹಾಕಿದ ಒಂದು ಸಾಲು ಸಿಕ್ಕರೆ ವಿಚಾರಣೆ ನಿಮ್ಮ ಕಡೆಗೇ ತಿರುಗುತ್ತದೆ.

ಮೊಬೈಲಿನಲ್ಲಿ ಫೋಟೊ ತೆಗೆಯುವ ಮೊದಲು

ಒಳ್ಳೆಯ ಮನಸ್ಸಿನವರು ಕೆಲಸ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲಿ. ಕೇಸ್‌ಶೀಟಿನ ಫೋಟೊ ತೆಗೆದು ವಾಟ್ಸ್‌ಆ್ಯಪಿನಲ್ಲಿ ಯಾರಿಗೋ ಕಳಿಸಿದ ಕೂಡಲೇ ಮೂಲ ತಪ್ಪು ಪಕ್ಕಕ್ಕೆ ಸರಿದು, ರೋಗಿಯ ಗೌಪ್ಯತೆ ಮುರಿದ ನಿಮ್ಮ ತಪ್ಪು ಮುಂದೆ ಬರುತ್ತದೆ. ಆಡಳಿತಕ್ಕೆ ಅದಕ್ಕಿಂತ ಸುಲಭದ ಅಸ್ತ್ರ ಇನ್ನೊಂದಿಲ್ಲ.

ನಿಮ್ಮ ಆರೈಕೆಯಲ್ಲಿಲ್ಲದ ರೋಗಿಯ ಫೈಲನ್ನು ಕಂಪ್ಯೂಟರಿನಲ್ಲಿ ತೆರೆಯಬೇಡಿ. ಯಾವ ಲಾಗಿನ್ ಯಾವ ಕ್ಷಣದಲ್ಲಿ ಏನು ತೆರೆಯಿತು ಎಂಬುದು ಆಸ್ಪತ್ರೆಯ ಸಾಫ್ಟ್‌ವೇರಿನಲ್ಲಿ ಉಳಿಯುತ್ತದೆ. ಇದೇ ಕಾರಣಕ್ಕೆ ಪಾಸ್‌ವರ್ಡನ್ನು ಯಾರಿಗೂ ಕೊಡಬೇಡಿ. ಇನ್‌ಚಾರ್ಜ್ ಕೇಳಿದರೂ ಬೇಡ, ಅವಸರದಲ್ಲಿದ್ದರೂ ಬೇಡ. ರಿಜಿಸ್ಟರಿನ ಹಾಳೆ ಹರಿದು ತರುವುದು, ಫಾರ್ಮಸಿಯ ಖಾಲಿ ಆಂಪೂಲನ್ನು ಬ್ಯಾಗಿಗೆ ಹಾಕಿಕೊಳ್ಳುವುದು ಎರಡೂ ಕಳವು.

ದಾಖಲೆ ಎಲ್ಲಿದೆ ಎಂದು ತೋರಿಸಿದರೆ ಸಾಕು, ಅದನ್ನು ಹೊತ್ತು ತರಬೇಕಿಲ್ಲ. ಯಾವ ರಿಜಿಸ್ಟರ್, ಯಾವ ಪುಟ, ಯಾವ ಕಪಾಟು ಎಂದು ಬರೆದು, ತರಿಸಿ ನೋಡಿ ಎಂದು ಕೇಳಿ. ಬಿಲ್ಲಿಂಗಿನ ಮೋಸಗಳಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಸ್ಟೆಂಟ್ ಅಥವಾ ಇಂಪ್ಲಾಂಟಿನ ಪೆಟ್ಟಿಗೆಯಲ್ಲಿ ಲಾಟ್ ನಂಬರಿನ ಸ್ಟಿಕ್ಕರ್ ಇರುತ್ತದೆ, ಅದನ್ನು ಕೇಸ್‌ಶೀಟಿಗೆ ಅಂಟಿಸಬೇಕು. ಬಿಲ್ಲಿನಲ್ಲಿ ಎರಡು, ಕೇಸ್‌ಶೀಟಿನಲ್ಲಿ ಒಂದೇ ಸ್ಟಿಕ್ಕರ್, ಸ್ಟೋರಿನ ಇಂಡೆಂಟಿನಲ್ಲೂ ಒಂದೇ ಎಂದಾದರೆ ಮೂರು ಕಾಗದಗಳನ್ನು ಪಕ್ಕಪಕ್ಕ ಇಟ್ಟವರಿಗೆ ನೀವು ಬೇರೇನೂ ಹೇಳಬೇಕಿಲ್ಲ. ಸಿಸಿಟಿವಿ ಮಾತ್ರ ಬೇಗ ಅಳಿಯುತ್ತದೆ. ಅದು ಬೇಕಿದ್ದರೆ ಯಾವ ಕ್ಯಾಮೆರಾ, ಎಷ್ಟರಿಂದ ಎಷ್ಟು ಗಂಟೆ ಎಂದು ಬರೆದು ಉಳಿಸಿಡಲು ಮೊದಲ ದಿನವೇ ಕೇಳಿ.

ನಿಮಗೇ ಬಂದ ಮೆಸೇಜ್, ಮೆಮೊ, ಈಮೇಲ್ ನಿಮ್ಮದೇ ದಾಖಲೆ. ಅವನ್ನು ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದೆನೆಂದು ಮೂಲವನ್ನು ಬಿಡಬೇಡಿ. ವಿಷಯ ಕೋರ್ಟಿಗೆ ಹೋದರೆ ವಿದ್ಯುನ್ಮಾನ ದಾಖಲೆಯ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಮೂಲ ಫೋನ್ ಕೈಯಲ್ಲಿದ್ದರೆ ಆ ಪ್ರಮಾಣಪತ್ರ ಪಡೆಯುವುದು ಸುಲಭ.

ಆ ಕ್ಷಣದಲ್ಲೇ ಬಾಯಿ ಬಿಡಬೇಕಾದಾಗ

ಆಪರೇಷನ್ನಿಗೆಂದು ತಪ್ಪಾದ ಕಾಲಿಗೆ ಡ್ರೇಪ್ (ಬಟ್ಟೆಯ ಹೊದಿಕೆ) ಹಾಕುತ್ತಿದ್ದರೆ ನೋಟ್‌ಬುಕ್ ಹಿಡಿದು ಕೂರುವಂತಿಲ್ಲ. ಹಿರಿಯ ಸರ್ಜನ್ ಎದುರು ಮಾತೆತ್ತಲು ಕಿರಿಯ ಸಿಸ್ಟರಿಗೆ ಗಂಟಲು ಕಟ್ಟುವುದು ಸಹಜ. ಅದಕ್ಕೇ ಮಾತುಗಳನ್ನು ಮೊದಲೇ ಬಾಯಿಪಾಠ ಮಾಡಿಕೊಳ್ಳಬೇಕು. ಮೂರು ಮೆಟ್ಟಿಲು ಸಾಕು. "ಸರ್, ನನಗೊಂದು ಸಂಶಯ, ಕನ್ಸೆಂಟಿನಲ್ಲಿ ಎಡಗಾಲು ಅಂತ ಇದೆ." ಕೇಳಿಸದಿದ್ದರೆ, "ಸರ್, ಇದು ನನಗೆ ಸರಿ ಕಾಣ್ತಾ ಇಲ್ಲ, ಒಮ್ಮೆ ನೋಡಿ." ಆಗಲೂ ಕೈ ನಿಲ್ಲದಿದ್ದರೆ, "ಸರ್, ಇದು ರೋಗಿಯ ಸುರಕ್ಷತೆಯ ವಿಷಯ, ದಯವಿಟ್ಟು ನಿಲ್ಲಿಸಿ." ಮೂರನೆಯದನ್ನು ಹೇಳಿದ ಮೇಲೆ ಅರಿವಳಿಕೆ ವೈದ್ಯರ ಕಡೆ ತಿರುಗಿ ಅದನ್ನೇ ಇನ್ನೊಮ್ಮೆ ಹೇಳಿ. ಮರ್ಯಾದೆ ಎಲ್ಲೂ ತಪ್ಪಿಲ್ಲ, ವಿಷಯ ಎಲ್ಲೂ ಮಸುಕಾಗಿಲ್ಲ. ಓಟಿ ಇನ್‌ಚಾರ್ಜ್‌ಗಳು ಹೊಸಬರಿಂದ ಈ ಮೂರು ವಾಕ್ಯಗಳನ್ನು ಗಟ್ಟಿಯಾಗಿ ಹೇಳಿಸಿ ಅಭ್ಯಾಸ ಮಾಡಿಸಬೇಕು.

ಔಷಧಿ ಕಳವಿನ ಸಂಶಯದಲ್ಲಿ ನಿಯಮ ಇದಕ್ಕೆ ತದ್ವಿರುದ್ಧ. ಆ ವ್ಯಕ್ತಿಯನ್ನು ನೀವಾಗಿ ಎದುರಿಸಿ ಕೇಳಬೇಡಿ. ಚಟಕ್ಕೆ ಬಿದ್ದವರು ಸಿಕ್ಕಿಬಿದ್ದ ಗಳಿಗೆಯಲ್ಲಿ ಜೀವ ಕಳೆದುಕೊಳ್ಳುವ ಅಪಾಯ ನಿಜವಾಗಿಯೂ ಇದೆ, ಔಷಧಿಯೂ ಅವರ ಕೈಗೆ ಹತ್ತಿರದಲ್ಲೇ ಇರುತ್ತದೆ. ಪ್ರಶ್ನೆ ಕೇಳುವವರು ಇಬ್ಬರಿರಬೇಕು, ಕೇಳಿದ ಮೇಲೆ ಒಬ್ಬಂಟಿಯಾಗಿ ಮನೆಗೆ ಕಳಿಸಬಾರದು, ಮನೋವೈದ್ಯರನ್ನು ಅಂದೇ ಕಾಣಿಸಬೇಕು. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಸಿಗುತ್ತದೆ. ಅವರೂ ನಮ್ಮಲ್ಲೊಬ್ಬರು, ಅವರಿಗೂ ಚಿಕಿತ್ಸೆ ಬೇಕಿದೆ.

ಹಾಗೆಂದು ಮುಚ್ಚಿಹಾಕುವುದು ದಯೆಯಲ್ಲ. ಅಮೆರಿಕದಲ್ಲಿ ಡೇವಿಡ್ ಕ್ವಿಯಾಟ್ಕೋವ್ಸ್ಕಿ ಎಂಬ ಟೆಕ್ನೀಷಿಯನ್ ಫೆಂಟನಿಲ್ ಸಿರಿಂಜ್ ಕದ್ದು ಚುಚ್ಚಿಕೊಂಡು, ಅದರಲ್ಲಿ ಸಲೈನ್ ತುಂಬಿ ವಾಪಸ್ ಇಡುತ್ತಿದ್ದ. ಅವನಿಗೆ ಹೆಪಟೈಟಿಸ್ ಸಿ ಇತ್ತು, ಅದು ರೋಗಿಗಳಿಗೆ ಹರಡಿತು. ನ್ಯೂ ಹ್ಯಾಂಪ್‌ಶೈರಿನ ಎಕ್ಸೆಟರ್ ಆಸ್ಪತ್ರೆಯಲ್ಲಿ 2012ರಲ್ಲಿ ಇದು ಬಯಲಾಗಿ, 2013ರಲ್ಲಿ ಅವನಿಗೆ 39 ವರ್ಷ ಶಿಕ್ಷೆಯಾಯಿತು. ಅದಕ್ಕೂ ಮೊದಲು ಬೇರೆ ರಾಜ್ಯಗಳ ಆಸ್ಪತ್ರೆಗಳು ಅವನನ್ನು ಕೆಲಸದಿಂದ ತೆಗೆದಿದ್ದವು, ಆದರೆ ಅವನು ಮತ್ತೊಂದು ಆಸ್ಪತ್ರೆ ಸೇರುವುದು ನಿಲ್ಲಲಿಲ್ಲ. ಸದ್ದಿಲ್ಲದೆ ರಾಜೀನಾಮೆ ಬರೆಸಿ ಕಳಿಸುವವರು ತೊಂದರೆಯನ್ನು ಮುಂದಿನ ಊರಿನ ರೋಗಿಗೆ ದಾಟಿಸುತ್ತಾರೆ.

ಒಳಗಿನ ಮೆಟ್ಟಿಲು

ವಾರ್ಡ್ ಇನ್‌ಚಾರ್ಜ್, ನರ್ಸಿಂಗ್ ಸೂಪರಿಂಟೆಂಡೆಂಟ್, ಮೆಡಿಕಲ್ ಸೂಪರಿಂಟೆಂಡೆಂಟ್ ಎಂಬುದು ಸಾಮಾನ್ಯ ಕ್ರಮ. ಯಾವ ಮೆಟ್ಟಿಲಿನವರ ಮೇಲೇ ಸಂಶಯವಿದೆಯೋ ಅದನ್ನು ಬಿಟ್ಟು ಮೇಲಿನದಕ್ಕೆ ಹೋಗಿ, ಬಿಟ್ಟದ್ದೇಕೆ ಎಂದು ಒಂದು ಸಾಲಿನಲ್ಲಿ ತಿಳಿಸಿ. ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವಲ್ಲಿ ಕ್ವಾಲಿಟಿ ವಿಭಾಗ ಇದ್ದೇ ಇರುತ್ತದೆ. ಇನ್ಸಿಡೆಂಟ್ ರಿಪೋರ್ಟುಗಳನ್ನು ದಾಖಲಿಸಿ ಕಾರಣ ಹುಡುಕುವುದು ಅವರ ಕರ್ತವ್ಯ.

ಬಾಯಿಮಾತಿನಲ್ಲಿ ಹೇಳಿದರೂ ಅದೇ ದಿನ ಈಮೇಲ್ ಮಾಡಿ: "ಇಂದು 11 ಗಂಟೆಗೆ ತಮಗೆ ತಿಳಿಸಿದ ವಿಷಯ ಇದು." ಕಾಗದ ಕೊಟ್ಟರೆ ಇನ್ನೊಂದು ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ರೋಗಿಯ ಜೀವಕ್ಕೆ ಈಗಲೇ ಅಪಾಯವಿದ್ದರೆ ಫೋನಿನಲ್ಲಿ ಹೇಳಿ ಆಮೇಲೆ ಬರೆಯಿರಿ. ಬೇರೆಲ್ಲ ವಿಷಯಗಳಿಗೆ ಏಳರಿಂದ ಹತ್ತು ಕೆಲಸದ ದಿನ ಕಾಯುವುದು ನ್ಯಾಯ. ಆ ನಂತರವೂ ಉತ್ತರವಿಲ್ಲದಿದ್ದರೆ ಒಂದು ನೆನಪೋಲೆ, ಆಮೇಲೆ ಹೊರಗಿನ ಮೇಜು. ಕಾನೂನುಬಾಹಿರ ಗರ್ಭಪಾತ, ಲಂಚ, ಲೈಂಗಿಕ ಕಿರುಕುಳದಂಥ ಅಪರಾಧಗಳಿಗೆ ಈ ಕಾಯುವಿಕೆಯ ಲೆಕ್ಕ ಅನ್ವಯಿಸುವುದಿಲ್ಲ.

ಆಸ್ಪತ್ರೆ ನಡೆಸುವುದು ಕಂಪನಿಯೋ ಟ್ರಸ್ಟೋ ಎಂದು ತಿಳಿದುಕೊಳ್ಳಿ. ಷೇರುಪೇಟೆಯಲ್ಲಿರುವ ಕಂಪನಿಯಾಗಿದ್ದರೆ, ಅಥವಾ ಬ್ಯಾಂಕುಗಳಿಂದ 50 ಕೋಟಿ ರೂಪಾಯಿಗಿಂತ ಹೆಚ್ಚು ಸಾಲ ಪಡೆದ ಕಂಪನಿಯಾಗಿದ್ದರೆ, 2013ರ ಕಂಪನಿ ಕಾಯ್ದೆಯ 177ನೇ ಕಲಮಿನಡಿ ನೌಕರರ ದೂರಿಗೆ ಪ್ರತ್ಯೇಕ ವ್ಯವಸ್ಥೆ ಇರಲೇಬೇಕು, ದೂರಿದವರಿಗೆ ಕಿರುಕುಳವಾಗದಂತೆ ರಕ್ಷಣೆಯೂ ಇರಬೇಕು. ಆದರೆ ಕರಾವಳಿಯ ಹಳೆಯ ಆಸ್ಪತ್ರೆಗಳಲ್ಲಿ ಹಲವು ಮಿಷನ್, ಟ್ರಸ್ಟ್, ಸೊಸೈಟಿಗಳವು. ಅವಕ್ಕೆ ಈ ಕಲಮು ತಾಗುವುದಿಲ್ಲ, ಆಯಾ ಸಂಸ್ಥೆಯ ಸೇವಾ ನಿಯಮವೇ ಗತಿ. ಎಚ್‌ಆರ್‌ನಿಂದ ಆ ನಿಯಮದ ಪ್ರತಿಯನ್ನು ದೂರಿನ ಮಾತೆತ್ತುವ ಮೊದಲೇ ಪಡೆದುಕೊಂಡಿರಿ.

ಹೊರಗಿನ ಮೇಜುಗಳು

ತಪ್ಪು ಮೇಜಿಗೆ ಹೋದ ಒಳ್ಳೆಯ ದೂರು ತಿಂಗಳುಗಟ್ಟಲೆ ಕಚೇರಿಯಿಂದ ಕಚೇರಿಗೆ ಅಲೆಯುತ್ತದೆ, ಅಲೆಯುತ್ತಾ ನಿಮ್ಮ ಹೆಸರು ಹತ್ತು ಮಂದಿಗೆ ಗೊತ್ತಾಗುತ್ತದೆ.

ಖಾಸಗಿ ಆಸ್ಪತ್ರೆ ಫಲಕದಲ್ಲಿ ಹಾಕಿದ ದರಕ್ಕಿಂತ ಹೆಚ್ಚು ವಸೂಲಿ ಮಾಡಿದರೆ, ನೋಂದಣಿಯ ಷರತ್ತು ಮುರಿದರೆ, ಅರ್ಹತೆಯಿಲ್ಲದವರನ್ನು ಇಟ್ಟುಕೊಂಡರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007 ಇದೆ, ಕೆಪಿಎಂಇ ಎಂದೇ ಎಲ್ಲರೂ ಕರೆಯುವುದು. ಅದಕ್ಕೆ 2017ರಲ್ಲಿ ತಿದ್ದುಪಡಿಯಾಯಿತು. ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ದೂರು ಕೇಳುತ್ತದೆ, ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಅದರ ಸದಸ್ಯ ಕಾರ್ಯದರ್ಶಿ. ಕಾಗದವನ್ನು ಡಿಎಚ್‌ಒ ಕಚೇರಿಯಲ್ಲೇ ಕೊಟ್ಟು ಸ್ವೀಕೃತಿ ಪಡೆಯಿರಿ. ಉಡುಪಿಯವರು ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾಧಿಕಾರಿ ಕಚೇರಿಗೂ ಒಂದು ಪ್ರತಿ ಕೊಡಬಹುದು.

ವೈದ್ಯರ ವೃತ್ತಿ ದುರ್ನಡತೆಗೆ ಬೆಂಗಳೂರಿನ ಕರ್ನಾಟಕ ಮೆಡಿಕಲ್ ಕೌನ್ಸಿಲ್, ನರ್ಸ್‌ಗಳದ್ದಕ್ಕೆ ರಾಜ್ಯ ನರ್ಸಿಂಗ್ ಕೌನ್ಸಿಲ್. ವೈದ್ಯರಿಗೆ ಒಂದು ಮಾತು: ತಪ್ಪನ್ನು ಬಯಲಿಗೆಳೆಯುವುದು ನಿಮ್ಮ ಇಚ್ಛೆಗೆ ಬಿಟ್ಟದ್ದಲ್ಲ. 2002ರ ವೃತ್ತಿ ನಡಾವಳಿ ನಿಯಮಗಳ 1.7ರಲ್ಲಿ, ಸಹವೃತ್ತಿಯವರ ಅಪ್ರಾಮಾಣಿಕ, ಅನೈತಿಕ ನಡತೆಯನ್ನು ಭಯ ಪಕ್ಷಪಾತವಿಲ್ಲದೆ ಹೊರಗೆಡವಬೇಕು ಎಂದಿದೆ. ಅದೇ ನಿಯಮಗಳ 6.4 ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್ ಕೊಡುವುದನ್ನೂ ಪಡೆಯುವುದನ್ನೂ ನಿಷೇಧಿಸುತ್ತದೆ. 2023ರಲ್ಲಿ ಬಂದ ಹೊಸ ನಿಯಮಗಳನ್ನು ಅದೇ ಆಗಸ್ಟ್‌ನಲ್ಲಿ ತಡೆಹಿಡಿದದ್ದರಿಂದ 2002ರವೇ ಮುಂದುವರಿದವು. ನಿಮ್ಮ ದೂರಿನಲ್ಲಿ ಆ ಕ್ರಮಸಂಖ್ಯೆಗಳನ್ನೇ ಬರೆಯಿರಿ.

ವೆನ್ಲಾಕ್, ಲೇಡಿಗೋಷನ್, ಅಜ್ಜರಕಾಡಿನಂಥ ಸರಕಾರಿ ಆಸ್ಪತ್ರೆಗಳ ಯಾವುದೇ ನೌಕರ ಲಂಚ ಕೇಳಿದರೆ ಹೋಗಬೇಕಾದದ್ದು ಲೋಕಾಯುಕ್ತಕ್ಕೆ, ಎರಡೂ ಜಿಲ್ಲೆಗಳಲ್ಲಿ ಕಚೇರಿ ಇದೆ. ದೂರು ನಿಗದಿತ ನಮೂನೆಯಲ್ಲಿ, ಅಫಿಡವಿಟ್ಟಿನ ಜೊತೆ ಇರಬೇಕು. ಹೆರಿಗೆಯ ವಿಷಯದಲ್ಲಿ ಇದನ್ನು ರೋಗಿಯ ಮನೆಯವರಿಗೂ ಬಿಡಿಸಿ ಹೇಳಿ: ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರಕಾರಿ ಆಸ್ಪತ್ರೆಯ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಪರೀಕ್ಷೆ ಎಲ್ಲ ಉಚಿತ. ಬಲವಂತಕ್ಕೆ ಹಣ ಕೊಟ್ಟವರು ಏಳು ದಿನಗಳೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಲಂಚ ಕೊಟ್ಟ ಅಪರಾಧ ಅವರಿಗೆ ತಾಗದು. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯಲ್ಲಿ ಸೇರಿದ ಈ ಏಳು ದಿನಗಳ ಗಡುವು ಹೆಚ್ಚಿನವರಿಗೆ ತಿಳಿದೇ ಇಲ್ಲ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ರೋಗಿಯಿಂದ ಪ್ಯಾಕೇಜಿನ ಮೇಲೆ ಹಣ ಕಿತ್ತರೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್, ಅಥವಾ ಸಹಾಯವಾಣಿ 14555. ಇಲ್ಲಿ ರೋಗಿಯ ಕೈಯಲ್ಲಿರುವ ರಸೀದಿಯೇ ದಾಖಲೆ, ಆದ್ದರಿಂದ ದೂರು ಅವರ ಹೆಸರಿನಲ್ಲೇ ಹೋಗುವುದು ಒಳ್ಳೆಯದು. ಭ್ರೂಣಲಿಂಗ ಪತ್ತೆಯ ಸಂಶಯಕ್ಕೆ ಪಿಸಿಪಿಎನ್‌ಡಿಟಿ ಕಾಯ್ದೆಯ ಜಿಲ್ಲಾ ಪ್ರಾಧಿಕಾರ. ಅವರಿಗೆ 15 ದಿನಗಳ ನೋಟಿಸ್ ಕೊಟ್ಟ ಮೇಲೆ ಯಾರೇ ಆಗಲಿ ನೇರ ಕೋರ್ಟಿಗೆ ಹೋಗಬಹುದು. ಬಳಸಿದ ಸಿರಿಂಜ್, ಡ್ರಿಪ್ ಸೆಟ್ಟುಗಳು ಗುಜರಿಗೆ ಹೋಗುತ್ತಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ. 2016ರ ನಿಯಮದಂತೆ ಸಂಸ್ಕರಿಸದ ತ್ಯಾಜ್ಯವನ್ನು 48 ಗಂಟೆಗಿಂತ ಹೆಚ್ಚು ಇಡುವಂತಿಲ್ಲ, ಚೀಲಕ್ಕೆ ಬಾರ್‌ಕೋಡ್ ಇರಬೇಕು. ಇಂಥ ಪ್ಲಾಸ್ಟಿಕ್ ತ್ಯಾಜ್ಯ ತುಂಬುವ ಕೆಂಪು ಚೀಲದ ತೂಕದ ಲೆಕ್ಕವನ್ನೂ ಲಾರಿಗೆ ಹೋದ ಲೆಕ್ಕವನ್ನೂ ಹೋಲಿಸಲು ಕೇಳಿ. ಮಾದಕ ಔಷಧಿ ಲೆಕ್ಕಕ್ಕೆ ಔಷಧ ನಿಯಂತ್ರಣ ಇಲಾಖೆ. ಔಷಧಿಯ ಅಡ್ಡಪರಿಣಾಮ ಮುಚ್ಚಿಟ್ಟರೆ ಅದನ್ನು ತಿಳಿಸುವ ಸಹಾಯವಾಣಿ 1800 180 3024.

ಲೈಂಗಿಕ ಕಿರುಕುಳಕ್ಕೆ ಆಂತರಿಕ ಸಮಿತಿ. 10 ಅಥವಾ ಹೆಚ್ಚು ನೌಕರರಿರುವ ಎಲ್ಲ ಕಡೆ ಇದು ಕಡ್ಡಾಯ, ಅದಕ್ಕಿಂತ ಸಣ್ಣ ಕ್ಲಿನಿಕ್ಕಿನವರಿಗೆ ಜಿಲ್ಲೆಯ ಸ್ಥಳೀಯ ಸಮಿತಿ. ಘಟನೆಯಿಂದ ಮೂರು ತಿಂಗಳೊಳಗೆ ಲಿಖಿತ ದೂರು, ಸಕಾರಣವಿದ್ದರೆ ಇನ್ನೂ ಮೂರು ತಿಂಗಳು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಈ ದೂರನ್ನು ಬೇರಾವುದರ ಜೊತೆಗೂ ಬೆರೆಸಬೇಡಿ.

ನಿಮ್ಮ ಬೆನ್ನು ಕಾಯುವುದು

2014ರ ವಿಷಲ್ ಬ್ಲೋವರ್ಸ್ (ತಪ್ಪನ್ನು ಹೊರಗೆಡವುವವರ) ರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದಿದ್ದರೂ ಅದನ್ನು ಜಾರಿಗೆ ತಂದಿಲ್ಲ. ತಂದಿದ್ದರೂ ಅದು ಸಾರ್ವಜನಿಕ ನೌಕರರ ಕುರಿತದ್ದು. ಕೇಂದ್ರ ಸರಕಾರದ ಸಂಸ್ಥೆಗಳ ಬಗ್ಗೆ ದೂರುವವರಿಗೆ 2004ರ ನಿರ್ಣಯದಡಿ ಕೇಂದ್ರ ಜಾಗೃತ ಆಯೋಗ ಹೆಸರು ಗುಟ್ಟಾಗಿಡುತ್ತದೆ. ಖಾಸಗಿ ಆಸ್ಪತ್ರೆಗೆ ಅದೂ ಇಲ್ಲ.

ಆದರೆ ಮಾನಹಾನಿಯ ಭಯಕ್ಕೆ ಉತ್ತರವಿದೆ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನ ಅಪವಾದಗಳಲ್ಲೊಂದು ಇದು: ಸಂಬಂಧಪಟ್ಟ ಅಧಿಕಾರವಿರುವವರ ಮುಂದೆ ಸದ್ಭಾವನೆಯಿಂದ ಮಾಡಿದ ದೂರು ಮಾನಹಾನಿಯಲ್ಲ. ಡಿಎಚ್‌ಒಗೆ ಬರೆದ ಕಾಗದಕ್ಕೆ ಈ ರಕ್ಷಣೆ ಸಿಗುತ್ತದೆ, ಅದೇ ವಾಕ್ಯವನ್ನು ಫೇಸ್‌ಬುಕ್ಕಿಗೋ ಊರಿನ ವಾಟ್ಸ್‌ಆ್ಯಪ್ ಗುಂಪಿಗೋ ಹಾಕಿದರೆ ಸಿಗುವುದಿಲ್ಲ.

ದೂರು ಕೊಡುವ ಮೊದಲು ಮನೆಯಲ್ಲೊಂದು ಫೈಲ್ ಇರಲಿ: ನೇಮಕಾತಿ ಪತ್ರ, ಸಂಬಳ ಚೀಟಿಗಳು, ಹಿಂದಿನ ಅಪ್ರೈಸಲ್, ರಜೆಯ ಲೆಕ್ಕ, ಬಾಂಡ್ ಮಾಡಿದ್ದರೆ ಅದರ ಪ್ರತಿ. ಮೂಲ ಸರ್ಟಿಫಿಕೇಟುಗಳು ಆಸ್ಪತ್ರೆಯ ಕಪಾಟಿನಲ್ಲಿದ್ದರೆ, ಅವನ್ನು ರಿಜಿಸ್ಟ್ರೇಷನ್ ರಿನ್ಯೂವಲ್‌ನಂಥ ನಿಜವಾದ ಕಾರಣಕ್ಕೆ ಬೇಕೆಂದು ಬರೆದು ಮೊದಲೇ ಬಿಡಿಸಿಕೊಳ್ಳಿ. ಗಲ್ಫಿಗೆ ಹೋಗುವ ಯೋಚನೆಯಿರುವ ಸಿಸ್ಟರ್‌ಗಳು ಇದನ್ನು ಮರೆಯಲೇಬಾರದು. ದುಬೈ, ಕತಾರ್, ಸೌದಿ ಲೈಸೆನ್ಸಿಗೆ ದಾಖಲೆ ಪರಿಶೀಲಿಸುವ ಸಂಸ್ಥೆಯಾದ ಡೇಟಾಫ್ಲೋದವರು ನಿಮ್ಮ ಹಳೆಯ ಆಸ್ಪತ್ರೆಗೇ ಬರೆದು ಅನುಭವವನ್ನು ತಾಳೆ ನೋಡುತ್ತಾರೆ. ಸದ್ಯದ ವರೆಗಿನ ಅನುಭವ ಪತ್ರ ದಿನಾಂಕ, ಹುದ್ದೆ ಸಹಿತ ಕೈಯಲ್ಲಿದ್ದರೆ ಮುಂದೆ ಸಿಟ್ಟಿನಿಂದ ತಡೆಹಿಡಿಯುವುದು ಅವರಿಗೆ ಕಷ್ಟ.

ಪ್ರತೀಕಾರ ಬಂದರೆ ಅದು ಹೆಚ್ಚಾಗಿ ಸದ್ದಿಲ್ಲದೆ ಬರುತ್ತದೆ. ಸತತ ನೈಟ್, ಗೊತ್ತಿಲ್ಲದ ವಾರ್ಡಿಗೆ ವರ್ಗ, ಸಣ್ಣ ಸಣ್ಣದಕ್ಕೆ ಮೆಮೊ. ದೂರಿನ ಹಿಂದಿನ ಮೂರು ತಿಂಗಳ ಡ್ಯೂಟಿ ಲಿಸ್ಟನ್ನೂ ನಂತರದ್ದನ್ನೂ ಜೋಪಾನವಾಗಿಡಿ. ಮೆಮೊ ಬಂದರೆ ಕೊಟ್ಟ ಗಡುವಿನೊಳಗೆ, ಅರ್ಧ ಪುಟದಲ್ಲಿ, ಆ ಮೆಮೊದ ವಿಷಯಕ್ಕಷ್ಟೇ ಉತ್ತರಿಸಿ. ಸಿಟ್ಟಿನಲ್ಲಿ ರಾಜೀನಾಮೆ ಬರೆದುಕೊಡಬೇಡಿ.

ಅನಾಮಧೇಯ ಪತ್ರದ ಆಸೆ ಎಲ್ಲರಿಗೂ ಬರುತ್ತದೆ. "ನೊಂದ ಸಿಬ್ಬಂದಿ" ಎಂದು ಸಹಿ ಮಾಡಿದ ಕಾಗದಗಳು ಕಚೇರಿಗಳಲ್ಲಿ ಹೆಚ್ಚಾಗಿ ಕಸದ ಬುಟ್ಟಿಗೇ ಹೋಗುತ್ತವೆ, ಜಾಗೃತ ಆಯೋಗವಂತೂ ಅವನ್ನು ಕೈಗೆತ್ತಿಕೊಳ್ಳುವುದಿಲ್ಲ. ನಮ್ಮದು ಸಣ್ಣ ಊರು. ಒಂದೇ ಬಸ್ಸು, ಒಂದೇ ಇಗರ್ಜಿ, ಒಂದೇ ಭಜನಾ ಮಂಡಳಿ. ಅಕ್ಷರ ನೋಡಿಯೇ ಗುರುತು ಹಿಡಿಯುತ್ತಾರೆ. ಹೆಸರು ಹಾಕಿ, ಅದನ್ನು ಗುಟ್ಟಾಗಿಡಲು ಮೊದಲ ಸಾಲಿನಲ್ಲೇ ಕೋರಿ. ಒಬ್ಬರ ಬದಲು ಮೂವರು ಸಹಿ ಮಾಡಿದರೆ ಬಲ ಹೆಚ್ಚು, ಆದರೆ ಒತ್ತಾಯಕ್ಕೆ ಸಹಿ ಮಾಡಿದವರು ಮೊದಲ ವಿಚಾರಣೆಯಲ್ಲೇ ಹಿಂದೆ ಸರಿಯುತ್ತಾರೆ, ಆಗ ಉಳಿದಿಬ್ಬರೂ ಸುಳ್ಳುಗಾರರಂತೆ ಕಾಣುತ್ತಾರೆ.

ದೂರು ಕೈಗೆ ಬಂದವರು ಮಾಡಬೇಕಾದದ್ದು

ಇನ್‌ಚಾರ್ಜ್‌ಗಳೇ, ಸೂಪರಿಂಟೆಂಡೆಂಟರೇ, ಈ ಭಾಗ ನಿಮಗೆ. "ನಿಮಗೆ ಇದನ್ನು ಯಾರು ಹೇಳಿದ್ದು?" ಎಂಬ ಒಂದು ಪ್ರಶ್ನೆ ವರ್ಷಗಟ್ಟಲೆ ಕಟ್ಟಿದ ನಂಬಿಕೆಯನ್ನು ಕೆಡವುತ್ತದೆ. ಕೇಳಬೇಕಾದದ್ದು "ರೋಗಿಗೆ ಈಗ ಏನಾದರೂ ಅಪಾಯ ಇದೆಯಾ?" ಎಂದು. ಮೊದಲ 24 ಗಂಟೆಯಲ್ಲಿ ಮೂಲ ರಿಜಿಸ್ಟರನ್ನು ಬೀಗದೊಳಗಿಟ್ಟು ವಾರ್ಡಿಗೆ ಹೊಸದನ್ನು ಕೊಡಿ, ಸಿಸಿಟಿವಿ ಪ್ರತಿ ತೆಗೆಸಿ, ದೂರು ತಲುಪಿದೆ ಎಂದು ಬರಹದಲ್ಲಿ ತಿಳಿಸಿ. ವಿಚಾರಣೆಗೆ ಅದೇ ವಿಭಾಗದವರನ್ನು ಕೂರಿಸಬೇಡಿ. ಆರೋಪ ಹೊತ್ತವರಿಗೆ ಆರೋಪವನ್ನು ಬರಹದಲ್ಲಿ ಕೊಟ್ಟು, ಅವರ ಉತ್ತರ ಕೇಳದೆ ಏನನ್ನೂ ತೀರ್ಮಾನಿಸಬೇಡಿ. ಕೊನೆಗೆ ದೂರಿದವರನ್ನು ಕರೆದು ಏನಾಯಿತೆಂದು ಹೇಳಿ. ಶಿಕ್ಷೆಯ ವಿವರ ಹೇಳಲಾಗದಿದ್ದರೂ "ಇನ್ನು ಮುಂದೆ ರಾತ್ರಿ ಎರಡನೇ ಸಹಿಗೆ ಪಕ್ಕದ ಐಸಿಯುವಿನವರು ಬರುತ್ತಾರೆ" ಎಂದಾದರೂ ಹೇಳಬಹುದು. ಹೇಳಿದ ಮೇಲೆ ಏನೂ ಆಗುವುದಿಲ್ಲವೆಂದು ಕಂಡುಕೊಂಡವರು ಎರಡನೇ ಸಲ ಬರುವುದಿಲ್ಲ.

ಕಾಗದ ಹೀಗಿರಲಿ

ಒಂದು ಪುಟ, ಒಂದೇ ವಿಷಯ. ಸಂಬಳ ಬಾಕಿ, ರಜೆ ಕೊಡದಿದ್ದದ್ದು, ಇನ್‌ಚಾರ್ಜ್ ಬೈದದ್ದು ಇದರಲ್ಲಿ ಬೇಡ. ಬೆರೆಸಿದರೆ ಓದುವವರು ಇಡೀ ಕಾಗದವನ್ನು ವೈಯಕ್ತಿಕ ದ್ವೇಷವೆಂದು ಬದಿಗಿಡುತ್ತಾರೆ. ವಿಶೇಷಣಗಳೂ ಬೇಡ. ನಾವು ಮೊದಲಿಗೆ ಹೇಳಿದ ಪ್ರಸಂಗಕ್ಕೆ ಹೀಗೆ ಬರೆಯಬಹುದು:

"ಮಾನ್ಯರೆ, ನನ್ನ ಹೆಸರನ್ನು ಗೌಪ್ಯವಾಗಿಡಬೇಕೆಂದು ಕೋರಿಕೆ. ಇದೇ ತಿಂಗಳು 3ರಿಂದ 24ರ ವರೆಗೆ ಸರ್ಜಿಕಲ್ ಐಸಿಯುವಿನ ನಾರ್ಕೋಟಿಕ್ ರಿಜಿಸ್ಟರಿನ ಪುಟ 41, 43, 46 ಮತ್ತು 47ರಲ್ಲಿ ಫೆಂಟನಿಲ್ 2 ಎಂಎಲ್‌ನ ನಾಲ್ಕು ಆಂಪೂಲ್ ಖರ್ಚು ತೋರಿಸಿದೆ. ನಾಲ್ಕರಲ್ಲೂ ಉಳಿದ ಔಷಧಿ ಚೆಲ್ಲಿದ್ದಕ್ಕೆ ಎರಡನೇ ಸಹಿ ಇಲ್ಲ. ಕಾರಣ ನನಗೆ ತಿಳಿದಿಲ್ಲ. ಆ ಪುಟಗಳನ್ನು, ಆ ರಾತ್ರಿಗಳ ಡ್ರಗ್ ಚಾರ್ಟುಗಳನ್ನು, ಖಾಲಿ ಆಂಪೂಲ್ ವಾಪಸ್ ಪಡೆದ ಫಾರ್ಮಸಿಯ ಲೆಕ್ಕವನ್ನು ಒಟ್ಟಿಗೆ ಇಟ್ಟು ಪರಿಶೀಲಿಸಬೇಕೆಂದು ಕೋರುತ್ತೇನೆ. 25ರಂದು ಬೆಳಿಗ್ಗೆ 11 ಗಂಟೆಗೆ ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ಬಾಯಿಮಾತಿನಲ್ಲಿ ತಿಳಿಸಿದ್ದೇನೆ."

ಕೈಯಲ್ಲಿ ಕೊಡಲಾಗದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನು ನಕಲು ಪ್ರತಿಗೆ ಪಿನ್ ಹಾಕಿ. ಸಂಬಂಧವಿಲ್ಲದ ಹತ್ತು ಕಚೇರಿಗೂ ಪತ್ರಿಕೆಗೂ ಪ್ರತಿ ಕಳಿಸಬೇಡಿ. ಹೊರಗಿನ ಮೇಜಿಗೆ ಹೋದ ಕಾಗದವಾದರೆ 30 ದಿನ ಕಳೆದ ಮೇಲೆ ಮೊದಲ ಕಾಗದದ ದಿನಾಂಕ ಹಾಕಿ ಎರಡು ಸಾಲಿನ ನೆನಪೋಲೆ ಕಳಿಸಿ. ಅದಕ್ಕೂ ಉತ್ತರ ಬಾರದಿದ್ದರೆ, ದೂರು ಹೋದದ್ದು ಸರಕಾರಿ ಕಚೇರಿಗಾದರೆ, 10 ರೂಪಾಯಿಯ ಪೋಸ್ಟಲ್ ಆರ್ಡರ್ ಜೊತೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ನಮ್ಮ ಇಂಥ ದಿನಾಂಕದ ದೂರಿನ ಮೇಲೆ ಕೈಗೊಂಡ ಕ್ರಮದ ಟಿಪ್ಪಣಿ ಹಾಳೆಯ ಪ್ರತಿ ಬೇಕು ಎಂದಷ್ಟೇ ಕೇಳಿ. ಕಡತ ಯಾರ ಮೇಜಿನ ಮೇಲೆ ಯಾವ ದಿನದಿಂದ ನಿಂತಿದೆ ಎಂಬುದು ಆ ಹಾಳೆಯಲ್ಲಿರುತ್ತದೆ, ಮುಂದಿನ ಕಾಗದವನ್ನು ಅವರ ಮೇಲಧಿಕಾರಿಗೆ ಬರೆಯಿರಿ.